ಕೊನೆಯ ಸಾಲಿನಲ್ಲಿ ಅಮ್ಮ

ಪ್ರಮೋದನಿಗೆ ಹೆದರಿಕೊಳ್ಳಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಬೀದಿಯ ತುದಿಯವರೆಗೆ ಬಂದ ಮೇಲೆ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಸ್ಕೂಟರ್ ತಿರುಗಿಸುವ ಪೈಕಿ ಅವನು. ಮಗಳು ಸುಮೇಧಾಳ ಸ್ಕೂಲ್ ವ್ಯಾನ್ ಸ್ವಲ್ಪ ತಡವಾದರೆ ಡ್ರೈವರಿಗೆ ಫೋನ್. ಡ್ರೈವರ್ ಎತ್ತದಿದ್ದರೆ ಸ್ಕೂಲಿಗೆ ಫೋನ್. ನವೆಂಬರ್ ಮಳೆಗೆ ನೆರೆ ಬಂದೀತೆಂದು, ಇರುವುದು ಎರಡನೇ ಮಹಡಿಯಲ್ಲಾದರೂ, ಅಕ್ಕಿಡಬ್ಬವನ್ನು ನೆಲದಿಂದ ಎತ್ತಿ ಕಪಾಟಿನ ಮೇಲಿಡುತ್ತಿದ್ದ. "ಭಯಪಡೋದಕ್ಕೆ ನಿಮಗೆ ಯಾರಾದ್ರೂ ಸಂಬಳ ಕೊಡ್ತಾರಾ?" ಎಂದು ಹೆಂಡತಿ ಸಂಹಿತಾ ಹಂಗಿಸುತ್ತಿದ್ದಳು. ನಿಜ ಹೇಳಬೇಕೆಂದರೆ, ಕೊಡುತ್ತಿದ್ದರು.

ಮದರಾಸಿನ ಸೌಕಾರ್‌ಪೇಟೆಯ ಒಂದು ಓಣಿಯಲ್ಲಿ, ಸ್ಟೀಲ್ ಪಾತ್ರೆಗಳ ಸಗಟು ಅಂಗಡಿಯ ಮೇಲಿನ ಮಹಡಿಯಲ್ಲಿ ಅವನ ಆಫೀಸು. ಅದೊಂದು ಇಂಟರ್ನೆಟ್ ಕಂಪನಿ. ಬೋರ್ಡಿನಲ್ಲಿ ಉದ್ದನೆಯ ಇಂಗ್ಲಿಷ್ ಹೆಸರಿದ್ದರೂ, ವೇಪೇರಿಯಿಂದ ಕೀಲ್ಪಾಕ್‌ವರೆಗಿನ ಜನರ ಬಾಯಲ್ಲಿ ಅದು ಬರೀ "ಅನಿಲ್ ನೆಟ್". ಮಾಲೀಕ ಅನಿಲ್‌ನ ತಂದೆ ಕೇಬಲ್ ಟೀವಿ ಎಳೆಯುತ್ತಿದ್ದವರು. ಮಗ ಅದೇ ಕಂಬಗಳ ಮೇಲೆ ಇಂಟರ್ನೆಟ್ ಎಳೆದ. ಆ ಇಡೀ ಪ್ರದೇಶದ ಮನೆಗಳ ಸಿನಿಮಾ, ಪಾಠ, ಜಗಳ, ಪ್ರೀತಿ, ಬ್ಯಾಂಕು ಎಲ್ಲವೂ ಪ್ರಮೋದ ನೋಡಿಕೊಳ್ಳುವ ಒಂದು ಕಪ್ಪು ಪೆಟ್ಟಿಗೆಯ ಮೂಲಕವೇ ಹಾದು ಹೋಗಬೇಕು. ಪೆಟ್ಟಿಗೆ ಬಿಸಿಯಾಗದಂತೆ, ದಾರಿ ಕಟ್ಟಿಕೊಳ್ಳದಂತೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಅವನ ಕೆಲಸ. ಹೆದರುಪುಕ್ಕಲನಿಗೆ ಹೇಳಿ ಮಾಡಿಸಿದ ಉದ್ಯೋಗ.

ಅವನ ಮನೆತನ ಯಾವ ತಲೆಮಾರಿನಲ್ಲಿ ಮದರಾಸಿಗೆ ಬಂತೋ ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಮನೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ತಮಿಳು, ಎರಡೂ ಹೊಸ್ತಿಲ ಮೇಲೆ ಕಲಸಿಹೋಗಿ ಧಾರವಾಡದ ನೆಂಟರು ಬಂದಾಗ ಬಿದ್ದು ಬಿದ್ದು ನಗುವಂಥ ಒಂದು ಭಾಷೆ. ತಂದೆ ಕಮಲಾಕರ ಟೆಲಿಫೋನ್ ಇಲಾಖೆಯಲ್ಲಿ ಟ್ರಂಕ್ ಕಾಲ್ ಜೋಡಿಸುತ್ತಿದ್ದವರು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಆಗ ಕರೆಗಳಿಗೂ ಜಾತಿಯಿತ್ತು. ಹೆಚ್ಚು ದುಡ್ಡು ಕೊಟ್ಟವರ ಮಾತು ಮೊದಲು. ಕೋಡಂಬಾಕ್ಕಂನ ಸಿನಿಮಾದವರು ರೀಲು ಬಂತೇ ಎಂದು ಕೇಳಲು ಲೈಟ್ನಿಂಗ್ ಬುಕ್ ಮಾಡಿದರೆ, ಅಣ್ಣ ತೀರಿಕೊಂಡ ಸುದ್ದಿ ಹೇಳಬೇಕಾದವನು ಆರ್ಡಿನರಿಯಲ್ಲಿ ಕಾಯುತ್ತ ಕೂತಿರುತ್ತಿದ್ದ. ಕಮಲಾಕರ ಇದನ್ನು ನಗುನಗುತ್ತಲೇ ಹೇಳುತ್ತಿದ್ದರು. ಪ್ರಮೋದನಿಗೆ ಮಾತ್ರ ನಗು ಬರುತ್ತಿರಲಿಲ್ಲ. ಇಂಟರ್ನೆಟ್ಟಿನ ಕೆಲಸ ಕಲಿತಾಗ ಅವನಿಗೆ ಹಿಡಿಸಿದ್ದೇ ಒಂದು ಸಂಗತಿ: ಇಲ್ಲಿ ಲೈಟ್ನಿಂಗ್ ಇಲ್ಲ. ಯಾರ ಡೇಟಾ ಆದರೂ ಬಂದ ಹಾಗೆ ಹೋಗುತ್ತದೆ.

ತಂದೆ ಹೋದ ಮೇಲೆ ಉಳಿದವಳು ತಾಯಿ ಭೀಮಾಬಾಯಿ. ಕೀಲ್ಪಾಕಿನ ಫ್ಲ್ಯಾಟಿನಲ್ಲಿ ಮಗ ಸೊಸೆಯ ಜೊತೆಗೇ ಇದ್ದಳು. ಬೆಳಗ್ಗೆ ಮೊಮ್ಮಗಳು ಸ್ಕೂಲಿಗೆ, ಸೊಸೆ ಬ್ಯಾಂಕಿಗೆ, ಮಗ ಸೌಕಾರ್‌ಪೇಟೆಗೆ ಹೊರಟರೆ ಆಮೇಲೆ ಅವಳ ರಾಜ್ಯ. ಸ್ನಾನ ಮಾಡಿ, ಕೋಲಿನ ಮೇಲೆ ಒಣಗಿಸಿದ ಮಡಿ ಸೀರೆ ಉಟ್ಟಳೆಂದರೆ ಪೂಜೆ, ಪಾರಾಯಣ, ನೈವೇದ್ಯ ಮುಗಿಯುವವರೆಗೆ ಏನನ್ನೂ ಮುಟ್ಟುವಂತಿಲ್ಲ. ಫೋನಂತೂ ಅವಳ ಮಟ್ಟಿಗೆ ಮೈಲಿಗೆಯ ಮೂಟೆ. ಅದು ಹಾಲಿನಲ್ಲಿ ಫ್ರಿಜ್ ಮೇಲೆ ಕೂತು ತನ್ನ ಪಾಡಿಗೆ ಬಡಿದುಕೊಳ್ಳುತ್ತಿತ್ತು. ಇದರಿಂದ ಯಾರಿಗೂ ತೊಂದರೆಯಿರಲಿಲ್ಲ, ಹೋದ ವರ್ಷ ಅವಳು ಒಮ್ಮೆ ತಲೆ ತಿರುಗಿ ಬಾಗಿಲಿಗೆ ಒರಗಿಬಿಡುವವರೆಗೆ. ಡಾಕ್ಟರು ಉಪವಾಸ ಬೇಡ ಎಂದರು. ಅವಳು ಡಾಕ್ಟರಿಗೂ ಹೂಂ ಅಂದಳು, ಏಕಾದಶಿಗೂ ಹೂಂ ಅಂದಳು.

ಹಾಗಾಗಿ ಕ್ಯಾಮೆರಾ ಬಂತು. ಎಲೆಕ್ಟ್ರಾನಿಕ್ ಸಾಮಾನಿನ ರಿಚಿ ಸ್ಟ್ರೀಟಿನಲ್ಲಿ ಕೊಂಡ, ಹೆಸರಿಲ್ಲದ, ಅಗ್ಗದ ಒಂದು ಉಂಡೆ. ಅಡುಗೆಮನೆಯ ಮೂಲೆಯಲ್ಲೇ ದೇವರ ಮಂಟಪ. ಅದಕ್ಕೆ ಎದುರಾಗಿ ಗೋಡೆಯ ಮೇಲೆ ಅದನ್ನು ಹೊಡೆದು ಕೂರಿಸಿದ.

"ದೇವರ ಎದುರಿಗೆ ಇದೇನ್ಡಾ ಇದು? ಬ್ಯಾಂಕಾ ನಮ್ಮನೆ?" ಎಂದಳು ಭೀಮಾಬಾಯಿ.

"ನೀನು ಇದನ್ನ ಮುಟ್ಟೋ ಹಾಗಿಲ್ಲಮ್ಮ. ಇದೂ ನಿನ್ನ ಮುಟ್ಟಲ್ಲ. ನಾನು ಆಫೀಸಿಂದ ನೋಡ್ತಾ ಇರ್ತೀನಿ, ಅಷ್ಟೇ."

ಮುಟ್ಟುವುದಿಲ್ಲ ಎಂಬ ಮಾತಿಗೆ ಅವಳು ಒಪ್ಪಿದಳು. ಆ ಕ್ಯಾಮೆರಾಕ್ಕೆ ಕಣ್ಣಿತ್ತು, ಕಿವಿಯಿತ್ತು, ಬಾಯಿ ಇರಲಿಲ್ಲ. ಅದು ಅವಳಿಗೆ ಇನ್ನೂ ಅನುಕೂಲವಾಯಿತು. ತಾನು ಹೇಳುವುದು ಮಾತ್ರ, ಕೇಳುವ ತಾಪತ್ರಯವಿಲ್ಲ. ಸ್ವಲ್ಪ ದಿನದಲ್ಲೇ ಗೋಡೆಯ ಕಡೆ ತಿರುಗಿ ಮಾತಾಡುವುದು ರೂಢಿಯಾಯಿತು. "ಪ್ರಮೋದಾ, ಹೂಬತ್ತಿ ತೀರ್ತಾ ಬಂತು, ಬರೋವಾಗ ತಗೊಂಡು ಬಾ." "ಪ್ರಮೋದಾ, ಕರೆಂಟ್ ಹೋಗಿ ಬಂತು, ನೋಡಿದ್ಯಾ?" ಸಂಜೆ ಅವನು ಹೂಬತ್ತಿ ಹಿಡಿದುಕೊಂಡು ಬರುತ್ತಿದ್ದ. ಮಗ ನೋಡುತ್ತಿದ್ದಾನೆ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನ ಉಳಿಯಲಿಲ್ಲ. ಆಫೀಸಿನಲ್ಲಿ ಅವನ ಎರಡನೇ ಪರದೆಯ ಮೂಲೆಯಲ್ಲಿ ಅಂಗೈಯಗಲದ ಕಿಟಕಿಯಾಗಿ ಅಮ್ಮ ಇರುತ್ತಿದ್ದಳು. ಹಗಲೆಲ್ಲ ಅವನ ಎದೆಬಡಿತ ಒಂದು ಹದದಲ್ಲಿದ್ದದ್ದು ಆ ಕಿಟಕಿಯಿಂದ.

ಆ ಕಾರ್ತೀಕ ಮಾಸದಲ್ಲಿ ಆಸ್ಟ್ರೇಲಿಯಾದಲ್ಲಿ ಕ್ರಿಕೆಟ್ ಸರಣಿ ಇತ್ತು. ಅಲ್ಲಿ ಮಧ್ಯಾಹ್ನವಾದರೆ ಇಲ್ಲಿ ಬೆಳಗ್ಗೆ. ಮೊದಲನೆಯ ಪಂದ್ಯದ ದಿನ ಅನಿಲ್ ನೆಟ್ಟಿನ ಮನೆಗಳಲ್ಲಿ ಬೌಲರ್ ಓಡಿಬಂದು ಗಾಳಿಯಲ್ಲಿ ನೇತಾಡುವಂತೆ ಚಿತ್ರ ನಿಂತುಹೋಯಿತು. ಫೋನುಗಳು ಬಾಯಿಗೆ ಬಂದಂತೆ ಬೈದವು. ಪಕ್ಕದ ಬೀದಿಯ ಇನ್ನೊಂದು ಕಂಪನಿಯವನು ಮನೆಮನೆಗೆ ಚೀಟಿ ಹಂಚಿದ. ಅನಿಲ್ ತಲೆ ಮೇಲೆ ಕೈ ಹೊತ್ತು ಕೂತ. ಆಮೇಲೆ ಯಾವುದೋ ಕ್ರಿಕೆಟ್ ತೋರಿಸುವ ಆ್ಯಪಿನವರ ಜೊತೆ ಒಪ್ಪಂದ ಮಾಡಿಕೊಂಡು ಎದ್ದ.

"ಪ್ರಮೋದ್, ಇಂಗೆ ವಾ," ಎಂದು ಕರೆದ. ಆಫೀಸಿನ ಮಾತುಕತೆಯೆಲ್ಲ ತಮಿಳಿನಲ್ಲೇ. "ಮುಂದಿನ ಮ್ಯಾಚ್ ಒಂದು ಕ್ಷಣವೂ ನಿಲ್ಲಬಾರದು. ಆ ಆ್ಯಪಿನ ಡೇಟಾ ಬಂದರೆ ದಾರಿ ಬಿಡು. ಮಿಕ್ಕದ್ದು ಹಿಂದೆ ಬರಲಿ."

"ಸಾರ್, ಹಾಗೆ ಮಾಡೋ ಹಾಗಿಲ್ಲ. ಎಲ್ಲವನ್ನೂ ಸಮನಾಗಿ ನೋಡಬೇಕು ಅಂತ ರೂಲ್ ಇದೆ."

"ನಾವು ಯಾರನ್ನಾದರೂ ನಿಲ್ಲಿಸ್ತೀವಾ? ಇಲ್ಲವಲ್ಲ. ಒಂದನ್ನು ಸ್ವಲ್ಪ ಬೇಗ ಕಳಿಸ್ತೀವಿ, ಅಷ್ಟೇ. ದಟ್ಟಣೆ ಇದ್ದಾಗ ಹತೋಟಿ ಮಾಡಬಹುದು ಅಂತಲೂ ರೂಲಿನಲ್ಲೇ ಇದೆ."

ಇದೆ, ನಿಜ. ಜನ ಮುಗಿಬಿದ್ದಾಗ ಇಡೀ ಜಾಲ ಕುಸಿಯದಿರಲಿ ಎಂದು ಕೊಟ್ಟ ಸಣ್ಣ ರಿಯಾಯಿತಿ ಅದು, ಸ್ವಲ್ಪ ಹೊತ್ತಿನ ಮಟ್ಟಿಗೆ, ಎಲ್ಲರಿಗೂ ಹೇಳಿ ಮಾಡುವಂಥದ್ದು. ಆದರೆ "ಹತೋಟಿ" ಎಂಬ ಆ ಒಂದು ಮಾತಿನ ಸಂದಿಯಲ್ಲಿ ಆನೆಯನ್ನೂ ಒಳಗೆ ನುಗ್ಗಿಸಬಲ್ಲವರು ಇದ್ದಾರೆ. ಬೇಸಿಗೆಯಲ್ಲಿ ಬೀದಿಗೆ ನೀರಿನ ಲಾರಿ ಬಂದಾಗ ಒಂದು ಮನೆಯವರ ಕೊಡಗಳನ್ನೆಲ್ಲ ಮೊದಲು ತುಂಬಿಸಿದರೆ, ಇನ್ನೊಬ್ಬರ ಕೊಡ ಖಾಲಿ ಉಳಿಯುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಲಾರಿಯಲ್ಲಿರುವ ನೀರು ಇರುವಷ್ಟೇ. ಪ್ರಮೋದನಿಗೆ ಇದು ಗೊತ್ತಿತ್ತು. ಅದರ ಜೊತೆಗೆ ಮನೆಯ ಸಾಲದ ಕಂತು, ಮಗಳ ಫೀಸು, ನಲವತ್ತು ದಾಟಿದವನಿಗೆ ಬೇರೆ ಕೆಲಸ ಯಾರು ಕೊಡುತ್ತಾರೆಂಬುದೂ ಗೊತ್ತಿತ್ತು. "ಸರಿ ಸಾರ್" ಎಂದ.

ಪಂದ್ಯದ ಹಿಂದಿನ ಸಂಜೆ ಕೂತು ಮೂರು ಸಾಲು ಮಾಡಿದ. ಮೊದಲ ಸಾಲಿನಲ್ಲಿ ಕ್ರಿಕೆಟ್. ಎರಡನೆಯದರಲ್ಲಿ ಪೆಟ್ಟಿಗೆಗೆ ಗುರುತು ಸಿಗುವ ದೊಡ್ಡ ಹೆಸರುಗಳು. ಗುರುತು ಸಿಗದ ಉಳಿದೆಲ್ಲವೂ ಕೊನೆಯ ಸಾಲು, ದಟ್ಟಣೆ ಏರಿದಾಗ ಹೋಗುವುದಕ್ಕೂ ಬರುವುದಕ್ಕೂ ಒಂದು ಚಿಟಿಕೆ ಜಾಗ. ಆ ಕೊನೆಯ ಸಾಲಿನಲ್ಲಿ ಯಾರಿರುತ್ತಾರೆ ಎಂಬ ಪ್ರಶ್ನೆ ಅವನಿಗೆ ಬಾರದೆ ಇರಲಿಲ್ಲ. ಕಳ್ಳ ಸಿನಿಮಾ ಇಳಿಸುವವರು, ಗೇಮ್ ಆಡುವ ಹುಡುಗರು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಗ್ಯಾಸ್ ಆರಿಸಿದ್ದನ್ನು ಎರಡೆರಡು ಸಲ ನೋಡುವ ಮನುಷ್ಯ ಇದನ್ನು ಮಾತ್ರ ಎರಡನೇ ಸಲ ನೋಡಲಿಲ್ಲ.

ಬೆಳಗ್ಗೆ ಸಣ್ಣಗೆ ಮಳೆ ಹಿಡಿದಿತ್ತು. ಏಕಾದಶಿ. ಭೀಮಾಬಾಯಿಗೆ ಅನ್ನವೂ ಇಲ್ಲ, ನೀರೂ ಇಲ್ಲ.

"ಒಂದು ಲೋಟ ಹಾಲಾದ್ರೂ ಕುಡಿಯಮ್ಮಾ," ಎಂದ ಪ್ರಮೋದ, ಹೆಲ್ಮೆಟ್ ಹಿಡಿದು ಬಾಗಿಲಲ್ಲಿ ನಿಂತು.

"ನಾಳೆ ದ್ವಾದಶಿಗೆ ಕುಡೀತೀನಿ, ನೀ ಹೋಗು. ನಂಗೇನ್ ಆಗತ್ತೆ? ನೀ ನೋಡ್ತಾನೇ ಇರ್ತೀಯಲ್ಲ."

ಅವನು ಬಾಗಿಲು ಎಳೆದುಕೊಂಡ. ಅದು ಎಳೆದರೆ ತಾನಾಗಿ ಬೀಗ ಬೀಳುವ ಬಾಗಿಲು.

ಆಫೀಸಿಗೆ ಬಂದು ಕೂತು ಮೊದಲು ಕಿಟಕಿ ತೆರೆದ. ಅಮ್ಮ ದೇವರ ಮುಂದೆ ಮಣೆಯ ಮೇಲೆ ಕೂತಿದ್ದಳು, ಬೆನ್ನು ಈ ಕಡೆಗೆ, ತಲೆ ಸ್ವಲ್ಪ ಬಾಗಿ. ದೀಪ ಉರಿಯುತ್ತಿತ್ತು. ಸರಿ. ಅಷ್ಟರಲ್ಲಿ ಪಂದ್ಯ ಶುರುವಾಯಿತು. ಪರದೆಯ ಮೇಲೆ ದಟ್ಟಣೆಯ ಗೆರೆ ಹಾಲು ಉಕ್ಕುವಂತೆ ಮೇಲೇರಿತು. ಮೊದಲ ಸಾಲು ತುಂಬಿ ಹರಿಯಿತು. ಕ್ರಿಕೆಟ್ ಒಂದು ಚೂರೂ ನಿಲ್ಲಲಿಲ್ಲ. ಅನಿಲ್ ತನ್ನ ಟೇಬಲ್ಲಿನ ಮೇಲೆ ದೊಡ್ಡ ಟೀವಿಯಲ್ಲಿ ಪಂದ್ಯ ಹಾಕಿಕೊಂಡು, ಪ್ರತಿ ಬೌಂಡರಿಗೂ ಪ್ರಮೋದನ ಕಡೆ ಹೆಬ್ಬೆರಳು ಎತ್ತುತ್ತಿದ್ದ.

ಫೋನುಗಳು ಮಾತ್ರ ಸುಮ್ಮನಿರಲಿಲ್ಲ. ಈ ಸಲ ಬೈಗುಳದ ದನಿ ಬೇರೆ. ಮನೆಯಿಂದಲೇ ಇಂಟರ್ವ್ಯೂ ಕೊಡುತ್ತಿದ್ದ ಹುಡುಗಿಯ ಅಪ್ಪ ಅಳುವುದೊಂದು ಬಾಕಿ. ವೇಪೇರಿಯ ಒಬ್ಬ ಟೈಲರಿಗೆ ಡಿಸೈನ್ ಫೈಲು ಇಳಿಯುತ್ತಿಲ್ಲ. ಪ್ರಮೋದ ಎಲ್ಲರಿಗೂ, "ರೂಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ ಸಾರ್" ಎಂದ. ಅದರಿಂದ ಏನೂ ಆಗುವುದಿಲ್ಲ ಎಂದು ಅವನಿಗೇ ಗೊತ್ತಿತ್ತು. ಒಂದು ಫೋನ್ ಇಟ್ಟು ಇನ್ನೊಂದು ಎತ್ತುವ ನಡುವೆ ಮೂಲೆಯ ಕಿಟಕಿಯ ಕಡೆ ಕಣ್ಣು ಹಾಯಿಸುತ್ತಿದ್ದ. ಅಮ್ಮ ಕೂತಿದ್ದಾಳೆ. ದೀಪ ಉರಿಯುತ್ತಿದೆ. ಮತ್ತೆ ನೋಡಿದ; ಕೂತಿದ್ದಾಳೆ. ಬೇರೆ ದಿನವಾಗಿದ್ದರೆ ಇಷ್ಟು ಹೊತ್ತಿಗೆ ಒಲೆಯ ಹತ್ತಿರ ಹೋಗಬೇಕಿತ್ತು, ಅನ್ನ ಬಸಿಯಬೇಕಿತ್ತು, ನೈವೇದ್ಯಕ್ಕೆ ಎಲೆ ಹಾಕಬೇಕಿತ್ತು. ಏಕಾದಶಿಯಂದು ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ದೇವರಿಗೂ ನೈವೇದ್ಯವಿಲ್ಲ. ಅಲುಗಾಡದೆ ಕೂತು ಜಪ ಮಾಡಿದಷ್ಟೂ ಪುಣ್ಯ. ಇವತ್ತು ಅಮ್ಮ ಒಳ್ಳೆ ತಲ್ಲೀನಳಾಗಿದ್ದಾಳೆ ಎಂದು ಅವನಿಗೆ ಖುಷಿಯೂ ಆಯಿತು.

ಅವನನ್ನು ಎಚ್ಚರಿಸಿದ್ದು ದೀಪ. ಬಾಲ್ಕನಿಯಿಂದ ಬೀಸುವ ಗಾಳಿಗೆ ಅದರ ಕುಡಿ ಎಡಕ್ಕೆ ಬಾಗಿತ್ತು. ಎಷ್ಟೋ ಹೊತ್ತಿನ ಹಿಂದೆ ನೋಡಿದಾಗಲೂ ಎಡಕ್ಕೇ ಬಾಗಿತ್ತು. ಅವನು ಫೋನನ್ನು ಕಿವಿಯಿಂದ ಕೆಳಗಿಳಿಸಿ ದೀಪವನ್ನೇ ದಿಟ್ಟಿಸಿದ. ಕುಡಿ ಅಲುಗಲಿಲ್ಲ. ಕಣ್ಣು ಪಿಳುಕಿಸದೆ ನೋಡಿದ. ಅಲುಗಲೇ ಇಲ್ಲ.

ಆ ಅಗ್ಗದ ಕ್ಯಾಮೆರಾ ನಿಂತುಹೋದರೆ ನಿಂತೆನೆಂದು ಹೇಳುವ ಜಾತಿಯದಲ್ಲ. ಕೊನೆಗೆ ಕಂಡದ್ದನ್ನೇ ತೋರಿಸುತ್ತ ಕೂತಿರುತ್ತದೆ. ಅದು ಯಾಕೆ ನಿಂತಿತು ಎಂದು ಯೋಚಿಸುವ ಅಗತ್ಯವೂ ಅವನಿಗೆ ಬೀಳಲಿಲ್ಲ. ಹೆಸರಿಲ್ಲದ ಕ್ಯಾಮೆರಾ, ಯಾವುದೋ ಊರುಕೇರಿ ಗೊತ್ತಿಲ್ಲದ ಸರ್ವರ್, ಪೆಟ್ಟಿಗೆಗೆ ಗುರುತು ಸಿಗದ ಡೇಟಾ. ಕೊನೆಯ ಸಾಲು.

ಅಮ್ಮನ ಫೋನಿಗೆ ಮಾಡಿದ. ಬಡಿದುಕೊಂಡು ನಿಂತಿತು. ಮಡಿಯಲ್ಲಿರುವಾಗ ಅವಳು ಎತ್ತುವುದಿಲ್ಲ, ಅದು ಎಂದಿನದೇ. ಎತ್ತದಿದ್ದದ್ದರಿಂದ ಏನೂ ತಿಳಿಯುವ ಹಾಗಿಲ್ಲ. ಕೆಳಗಿನ ಮನೆಯ ರಮಾಬಾಯಿಗೆ ಮಾಡಿದ. "ಅತ್ತೆ, ಸ್ವಲ್ಪ ಮೇಲೆ ಹೋಗಿ ಅಮ್ಮ ಹೇಗಿದ್ದಾಳೆ ನೋಡ್ತೀರಾ?" ಎಂದು ಬೇಡಿಕೊಂಡ. ಅವರು ಮೆಟ್ಟಿಲು ಹತ್ತಿ ಇಳಿಯುವಷ್ಟು ಹೊತ್ತು ಅವನು ಹಲ್ಲು ಕಚ್ಚಿ ಆ ಬಾಗಿದ ದೀಪವನ್ನು ನೋಡುತ್ತಿದ್ದ.

ರಮಾಬಾಯಿ ವಾಪಸ್ಸು ಫೋನ್ ಮಾಡಿದರು. "ಬೆಲ್ ಒತ್ತಿದೆ ಪ್ರಮೋದಾ. ಬಾಗಿಲು ತೆಗೀಲಿಲ್ಲ. ಒಳಗಿಂದ ಮಾತು ಕೇಳ್ತಾ ಇತ್ತು, ಪಾರಾಯಣ ಮಾಡ್ತಾ ಇದ್ದಾರೆ ಅಂತ ಕಾಣತ್ತೆ. ನಾನು ಮೈಲಿಗೇಲಿ ಇದ್ದೀನಿ ನೋಡು, ಏಕಾದಶಿ ದಿನ ಅವರಿಗೆ ತೊಂದರೆ ಯಾಕೆ ಅಂತ ಇಳಿದು ಬಂದೆ. ಟೆನ್ಷನ್ ಆಗಬೇಡ, ಚೆನ್ನಾಗಿದ್ದಾರೆ."

ಮಾತು ಕೇಳಿತು ಎಂದದ್ದಕ್ಕೆ ಪ್ರಮೋದನಿಗೆ ಹೋದ ಜೀವ ಬಂದ ಹಾಗಾಯಿತು. ಕುರ್ಚಿಗೆ ಒರಗಿದ. ಒರಗಿದವನು ಹಾಗೇ ನೆಟ್ಟಗಾದ. ಅಮ್ಮನ ಪಾರಾಯಣ ಹೊರಬಾಗಿಲವರೆಗೆ ಕೇಳುವಂಥದ್ದಲ್ಲ. ಪಕ್ಕದಲ್ಲಿ ಕೂತವರಿಗೂ ತುಟಿ ಅಲುಗುವುದು ಮಾತ್ರ ಕಾಣುತ್ತದೆ.

ಅವನು ಕೀಬೋರ್ಡ್ ಎಳೆದುಕೊಂಡದ್ದು ನೋಡಿ ಅನಿಲ್ ಎದ್ದು ಬಂದ. "ಏನು ಮಾಡ್ತಿದ್ದೀಯ?"

"ಸಾರ್, ನಮ್ಮ ಮನೆ ಕ್ಯಾಮೆರಾ ನಿಂತಿದೆ. ಅಮ್ಮ ಒಬ್ಬಳೇ ಇದ್ದಾಳೆ. ಆ ರೂಲ್ ತೆಗೀಬೇಕು."

"ಈಗಲೇ? ಕೊನೇ ಓವರ್‌ಗಳು ನಡೀತಿವೆ ಪ್ರಮೋದ್! ಈಗ ತೆಗೆದರೆ ಎಲ್ಲರ ಮನೆಯಲ್ಲೂ ನಿಲ್ಲತ್ತೆ." ಅನಿಲ್ ಕೆಟ್ಟವನಲ್ಲ, ಅವನ ಮುಖದಲ್ಲೂ ಗಾಬರಿಯಿತ್ತು. "ನಿನ್ನ ಮನೆಯೊಂದನ್ನು ಮೇಲಿನ ಸಾಲಿಗೆ ಹಾಕಿಕೋ. ಯಾರು ಬೇಡ ಅಂದರು?"

ವಾದ ಮಾಡುವಷ್ಟು ಪುರುಸೊತ್ತು ಪ್ರಮೋದನಿಗಿರಲಿಲ್ಲ. ತನ್ನ ಮನೆಯೊಂದನ್ನು ಕ್ರಿಕೆಟ್ಟಿನ ಪಕ್ಕಕ್ಕೆ ಏರಿಸಿದ. ಒಂದೇ ಒಂದು ಸಾಲಿನ ಬರವಣಿಗೆ.

ಕಿಟಕಿ ಒಮ್ಮೆ ನಡುಗಿ ಜೀವ ಪಡೆಯಿತು. ದೀಪ ಆರಿಹೋಗಿತ್ತು. ಮಣೆಯ ಮೇಲೆ ಯಾರೂ ಇರಲಿಲ್ಲ. ಮಣೆ ಓರೆಯಾಗಿ ಸರಿದು, ಪಕ್ಕದಲ್ಲಿ ಹೂವಿನ ತಟ್ಟೆ ಕವುಚಿ ಬಿದ್ದಿತ್ತು. ಅವನು ಧ್ವನಿಯನ್ನು ಪೂರ್ತಿ ಏರಿಸಿದ. ಚಿತ್ರದ ಆಚೆಯಿಂದ, ಕಣ್ಣಿಗೆ ಕಾಣದ ನೆಲದಿಂದ, ಒಣಗಿದ ಗಂಟಲಿನ ಒಂದು ದನಿ ಬಂತು. ನಡುವೆ ನಡುವೆ ನಿಂತು, ಮತ್ತೆ ಶುರುವಾಗುತ್ತಿತ್ತು.

"...ಅವಸರ ಬೇಡ ಕಣ್ಣಾ... ಮೆಲ್ಲ ಬಾ... ಮಳೆ ಇದೆ, ಸ್ಕೂಟರ್ ಮೆಲ್ಲ ಓಡಿಸು... ನಂಗೇನೂ ಆಗಿಲ್ಲ..."

ಹಿಂದೆ ಟೀವಿಯಲ್ಲಿ ಸಾವಿರಾರು ಜನ ಒಟ್ಟಿಗೆ ಕೂಗಿದರು. ಪ್ರಮೋದ ಬ್ಯಾಗು ಹೆಗಲಿಗೇರಿಸಿ, ಹೆಲ್ಮೆಟ್ ಮರೆತು ಮೆಟ್ಟಿಲಿಳಿದ.

ಸೌಕಾರ್‌ಪೇಟೆಯ ಓಣಿಯಲ್ಲಿ ಕೈಗಾಡಿಗಳು, ಬಟ್ಟೆಯ ಮೂಟೆಗಳು, ಛತ್ರಿಗಳು. ನಡೆದು ಹೋಗುವವನು ಮುಂದೆ, ಸ್ಕೂಟರಿನವನು ಹಿಂದೆ. ಹಾರ್ನ್ ಒತ್ತಿದ, ಕೂಗಿದ, ಕೈಮುಗಿದ. ವೇಪೇರಿ ದಾಟುವಾಗ ಮಳೆ ಜೋರಾಯಿತು. ಅಮ್ಮ ಮೆಲ್ಲ ಬಾ ಎಂದಿದ್ದಳು. ಯಾರಿಗೆ ಎಂದಳು? ಯಾವಾಗಿನಿಂದ ಹೇಳುತ್ತಿದ್ದಳು? ನಾನು ನೋಡಿದ್ದೇನೆ, ಹೊರಟಿದ್ದೇನೆ, ದಾರಿಯಲ್ಲಿದ್ದೇನೆ ಎಂದುಕೊಂಡು ಮಾತಾಡುತ್ತಿದ್ದಾಳೆ. ನಾನು ಆ ಹೊತ್ತಿನಲ್ಲಿ ಯಾರಿಗೋ ರೂಟರ್ ಆಫ್ ಮಾಡಿ ಆನ್ ಮಾಡಿ ಎನ್ನುತ್ತಿದ್ದೆ. ಕೆಲ್ಲೀಸ್ ಸಿಗ್ನಲ್ಲಿನಲ್ಲಿ ಕೆಂಪು ದೀಪದ ಮುಂದೆ ನಿಂತಾಗ ಒದ್ದೆ ರಸ್ತೆಯಲ್ಲಿ ಅವನ ಕಾಲು ಜಾರಿ ಗಾಡಿ ವಾಲಿತು. ಪಕ್ಕದ ಆಟೋದವನು ಹಿಡಿದುಕೊಂಡು, "ಪಾತ್ತು ಪೋಂಗ ಸಾರ್" ಎಂದ. ನೋಡಿಕೊಂಡು ಹೋಗಿ ಎಂದು ಅವನೂ ಹೇಳಿದ.

ಬಾಗಿಲು ತೆಗೆದಾಗ ಭೀಮಾಬಾಯಿ ಅಡುಗೆಮನೆಯ ಹೊಸ್ತಿಲಿಗೆ ತಲೆ ಕೊಟ್ಟು ಮಲಗಿದ್ದಳು. ತುಟಿ ಒಣಗಿ ಸೀಳಿತ್ತು. ಒಂದು ಕಾಲು ಸೊಟ್ಟಗೆ ಚಾಚಿತ್ತು. ಕಣ್ಣು ಮಾತ್ರ ತೆರೆದಿತ್ತು, ಕ್ಯಾಮೆರಾದ ಕಡೆಗೆ.

"ಬಂದ್ಯಾ," ಎಂದಳು. ಅವನು ಬಗ್ಗಿದ ಕೂಡಲೇ, "ಮುಟ್ಟಬೇಡ್ವೋ, ಮಡೀಲಿದ್ದೀನಿ" ಎಂದಳು. ಅವನು ಮುಟ್ಟಿದ. ಜೋರಾಗಿ ಅಳುತ್ತ ಅವಳ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡ.

ಆಸ್ಪತ್ರೆ ಅಲ್ಲೇ ಹತ್ತಿರ, ಕೀಲ್ಪಾಕಿನಲ್ಲೇ. ಸೊಂಟದ ಹತ್ತಿರ ಮೂಳೆ ಮುರಿದಿದೆ, ಮೈಯಲ್ಲಿ ನೀರಿನ ಪಸೆಯಿಲ್ಲ. ಆಪರೇಷನ್ ನಾಳೆ ಮಾಡೋಣ, ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಡ್ರಿಪ್ ಹಾಕಿದಾಗ ಅವಳದ್ದು ಒಂದೇ ಕೊರಗು: "ಏಕಾದಶಿ ದಿನ ನೀರು ಏರಿಸ್ತಾ ಇದ್ದಾರಲ್ಲೋ." ಅದು ಬಾಯಿಗೆ ಹೋಗುವುದಿಲ್ಲವಾದ್ದರಿಂದ ಲೆಕ್ಕಕ್ಕಿಲ್ಲ ಎಂದು ಪ್ರಮೋದ ಧೈರ್ಯ ಹೇಳಿದ. ಅಷ್ಟಕ್ಕೆ ಕಣ್ಣು ಮುಚ್ಚಿದಳು.

ಅವನು ಕಾರಿಡಾರಿನ ಬೆಂಚಿನಲ್ಲಿ ಕೂತಾಗ ಅನಿಲ್ ಫೋನ್ ಮಾಡಿದ.

"ಅಮ್ಮ ಹೇಗಿದ್ದಾರೆ? ದೇವರ ದಯ. ದುಡ್ಡು ಗಿಡ್ಡು ಬೇಕಾದರೆ ಕೇಳು. ಆಮೇಲೆ, ನಿನ್ನ ಮನೆ ಮೇಲಿನ ಸಾಲಿನಲ್ಲೇ ಇರಲಿ, ತೆಗೀಬೇಡ. ನೀನು ನಮ್ಮವನು."

"ಮಿಕ್ಕವರು ಸಾರ್?"

"ಯಾರು ಮಿಕ್ಕವರು?"

"ಅದೇ ಸಾರ್, ಯಾರು ಅಂತ ನನಗೂ ಗೊತ್ತಿಲ್ಲ. ಗೊತ್ತಿಲ್ಲದವರನ್ನೆಲ್ಲ ತಾನೇ ನಾನು ಅಲ್ಲಿಗೆ ಹಾಕಿದ್ದು. ನಾನು ಅದನ್ನು ತೆಗೀತೀನಿ."

"ಇದೇ ವಾರ ಇನ್ನೊಂದು ಮ್ಯಾಚ್ ಇದೆ. ಆ್ಯಪಿನವರಿಗೆ ಮಾತು ಕೊಟ್ಟಿದ್ದೀನಿ. ತೆಗೆದರೆ ಆಫೀಸಿಗೆ ಬರಬೇಕಾ ಬೇಡವಾ ಅಂತ ನೀನೇ ಯೋಚನೆ ಮಾಡು," ಎಂದು ಅನಿಲ್ ಫೋನ್ ಇಟ್ಟುಬಿಟ್ಟ.

ಪ್ರಮೋದನಿಗೆ ನಿಜವಾಗಿ ಭಯವಾಯಿತು. ಕೆಲಸ ಹೋದರೆ ಎಂಬ ಭಯ, ಆಪರೇಷನ್ನಿನ ಭಯ, ಎಲ್ಲ ಒಟ್ಟಿಗೇ ಮೈಮೇಲೆ ಬಂದವು. ಆದರೂ ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು, ಮಡಿಲಲ್ಲಿಟ್ಟುಕೊಂಡು, ಮೂರೂ ಸಾಲುಗಳನ್ನು ಅಳಿಸಿದ. ತನ್ನ ಮನೆಯ ಸಾಲನ್ನೂ ಅಳಿಸಿದ.

ಅಷ್ಟರಲ್ಲಿ ಸಂಹಿತಾ ಬ್ಯಾಂಕಿನಿಂದ ಓಡಿಬಂದಿದ್ದಳು, ಸ್ಕೂಲಿಂದ ಸುಮೇಧಾಳನ್ನೂ ಕರೆದುಕೊಂಡು. ಹಿಂದೆಯೇ ರಮಾಬಾಯಿ. ಮಂಚದ ಸುತ್ತ ನಿಂತವರೆಲ್ಲ ಪ್ರಮೋದನನ್ನು ಹೊಗಳುವವರೇ. "ನಾನು ಎಷ್ಟು ಹಂಗಿಸಿದ್ದೆ ಆ ಕ್ಯಾಮೆರಾಕ್ಕೆ," ಎಂದು ಸಂಹಿತಾ ಕಣ್ಣೊರೆಸಿಕೊಂಡಳು. "ಇವರು ನೋಡ್ತಾ ಇರದಿದ್ರೆ ಏನು ಗತಿ?" ಸುಮೇಧಾ ಅಪ್ಪನ ತೋಳು ಹಿಡಿದು, "ಸೂಪರ್ ಪಾ ನೀ," ಎಂದಳು. ಪ್ರಮೋದ ಗೋಡೆಯ ಕಡೆ ನೋಡುತ್ತಿದ್ದ.

ಭೀಮಾಬಾಯಿ ಕಣ್ಣು ತೆರೆದು ಸೊಸೆಯ ಕಡೆ ನಕ್ಕಳು. "ನಂಗೆ ಒಂಚೂರೂ ಭಯ ಆಗ್ಲಿಲ್ಲಮ್ಮಾ.  ಬಿದ್ದ ಕೂಡ್ಲೇ ಅಂದ್ಕೊಂಡೆ, ಇವನು ನೋಡಿರ್ತಾನೆ, ಈಗ ಎದ್ದಿರ್ತಾನೆ, ಈಗ ಗಾಡಿ ತೆಗ್ದಿರ್ತಾನೆ. ಇವನದೇ ಭಯ ನಂಗೆ. ಹೆದ್ರುಪುಕ್ಲ, ಗಾಬರೀಲಿ ಎಲ್ಲಾದ್ರೂ ಗಾಡಿ ಬೀಳಿಸ್ಕೊಂಡ್ರೆ? ಅದಕ್ಕೇ ನೋವಾದ್ರೂ ಅಳ್ಲಿಲ್ಲ. ಮಾತಾಡ್ತಾನೇ ಇದ್ದೆ, ಇವನಿಗೆ ಕೇಳ್ಲಿ ಅಂತ." ಮಗನ ಕಡೆ ತಿರುಗಿದಳು. "ಕೇಳ್ತಾ ಇತ್ತಲ್ಲ?"

ಹೌದು ಎಂದರೆ ಮುಗಿಯುತ್ತಿತ್ತು. ಅವನ ಬಾಯಿ ಆ ಮಾತಿಗೆ ತೆರೆದುಕೊಂಡೂ ಇತ್ತು. ಅಮ್ಮ ಅವನ ಮುಖವನ್ನು ನಂಬಿಕೊಂಡು ನೋಡುತ್ತಿದ್ದಳು, ಬೆಳಗ್ಗೆ ಗೋಡೆಯನ್ನು ನೋಡಿಕೊಂಡು ಮಲಗಿದ್ದಂತೆಯೇ. ಅವನಿಗೆ ತಡೆಯಲಾಗಲಿಲ್ಲ.

"ಇಲ್ಲಮ್ಮ," ಎಂದ. "ಕೇಳ್ತಾ ಇರ್ಲಿಲ್ಲ. ಚಿತ್ರ ನಿಂತುಹೋಗಿತ್ತು. ನೀನು ಕೂತಿದ್ದೇ ಕಾಣ್ತಾ ಇತ್ತು ನಂಗೆ. ನಿಲ್ಲೋ ಹಾಗೆ ಮಾಡಿದ್ದೂ ನಾನೇ. ಕ್ರಿಕೆಟ್ ನಿಲ್ಲಬಾರದು ಅಂತ, ಮಿಕ್ಕಿದ್ದೆಲ್ಲ ಹಿಂದಕ್ಕೆ ತಳ್ಳಿದ್ದೆ. ಕೊನೇಲಿ, ಹೊರಡೋವಾಗ ಮಾತ್ರ ನಿನ್ನ ದನಿ ಕೇಳಿದ್ದು."

ಸಂಹಿತಾಳ ಕೈ ಬಾಯಿಗೆ ಹೋಯಿತು. ರಮಾಬಾಯಿ ತಲೆ ತಗ್ಗಿಸಿದರು. ಬಾಗಿಲಾಚೆ ನಿಂತು ಕೇಳಿಯೂ ಇಳಿದು ಬಂದವರು ಅವರು. ಭೀಮಾಬಾಯಿಗೆ ಮೊದಲು ಅರ್ಥವಾಗಲಿಲ್ಲ. ಮಗನನ್ನೇ ನೋಡಿದಳು. ಅರ್ಥವಾಗುತ್ತ ಬಂದಂತೆ, ಬೆಳಗ್ಗೆ ಮೂಳೆ ಮುರಿದು ನೆಲದಲ್ಲಿ ಬಿದ್ದಿದ್ದಾಗ ಇಲ್ಲದ ಭಯ ಈಗ ಅವಳ ಕಣ್ಣಿಗೆ ಬಂತು. ಡ್ರಿಪ್ ಚುಚ್ಚಿದ ಕೈಯಿಂದಲೇ ಅವನ ಅಂಗಿಯ ತೋಳು ಹುಡುಕಿ ಹಿಡಿದುಕೊಂಡಳು.

"ಹಾಗಂದ್ರೆ," ಎಂದಳು, "ಅಷ್ಟು ಹೊತ್ತೂ ನಾನು ಒಬ್ಳೇ ಇದ್ನಾ?"